ಕೊನೆಯ ಕೋಣೆಯ ಚಳಿ

ಪುಷ್ಯ ಬಹುಳ ಪಂಚಮಿ, ಗುರುವಾರ. ಬೆಳಗಿನ ಐದೂವರೆ ಗಂಟೆ.

"ಅಮ್ಮಾ, ಒಲೆ ಒಂದೇ, ಉರಿಯೂ ಒಂದೇ. ಎಲ್ಲರೂ ಬೆಚ್ಚಗಿರುವಾಗ ಒಬ್ಬಳು ಮಾತ್ರ ಏಕೆ ತಣ್ಣಗೆ ಉಳಿಯುತ್ತಾಳೆ?"

ಆಶ್ರಮದ ಹಿರಿಯ ಶಿಷ್ಯೆ ಕಾತ್ಯಾಯಿನಿ ಗುರುಮಾತೆಯ ಮುಂದೆ ಕುಳಿತು ಹೀಗೆ ಕೇಳಿದಳು. ಕೇಳಿದ್ದು ತನ್ನ ವಿಷಯವಾಗಿ ಅಲ್ಲ, ಹೊನ್ನಮ್ಮನ ವಿಷಯವಾಗಿ. ಕಳೆದ ಮಳೆಗಾಲದಲ್ಲಿ ಆಶ್ರಮ ಸೇರಿದ ಹೊನ್ನಮ್ಮ ಶಿಷ್ಯೆಯರಲ್ಲಿ ಎಲ್ಲರಿಗಿಂತ ಕಿರಿಯಳು. ಪ್ರವಚನದಲ್ಲಿ ಕಲ್ಲಿನಂತೆ ಕೂರುತ್ತಿದ್ದಳು; ಏನನ್ನೂ ಕೇಳುತ್ತಿರಲಿಲ್ಲ. "ಇಲ್ಲಿ ನನಗೇನೂ ದಕ್ಕಲಿಲ್ಲ" ಎಂದು ಹೇಳಿ, ಅಂದು ಬೆಳಗಿನ ಬಸ್ಸಿಗೆ ಊರಿಗೆ ಹೊರಟಿದ್ದಳು. ಗುರುಮಾತೆಗೆ ನಮಸ್ಕರಿಸಿ ಹೋಗಲು ಗಂಟು ಹಿಡಿದು ಬಂದವಳನ್ನು ಕಾತ್ಯಾಯಿನಿ ಜಗುಲಿಯಲ್ಲೇ ತಡೆದಿದ್ದಳು.

"ನಿಲ್ಲು ತಂಗಿ. ಅವಸರ ಮಾಡಬೇಡ. ನಿನ್ನ ಪರವಾಗಿ ನಾನೇ ಅಮ್ಮನ ಹತ್ತಿರ ಮಾತಾಡಿ ಬರುತ್ತೇನೆ."

ಬೆಳಗಿನ ಪೂಜೆಯ ಗಂಟೆ ಬಾರಿಸುವವರೆಗೆ ಶಿಷ್ಯೆಯರು ಒಬ್ಬೊಬ್ಬರಾಗಿ ಗುರುಮಾತೆಯನ್ನು ಕಾಣಬಹುದಿತ್ತು. ಸರದಿ ಹಿರಿತನದ್ದು. ಆ ಕ್ರಮವನ್ನು ಹಾಕಿದವಳು ಕಾತ್ಯಾಯಿನಿ. ಮೊದಲು ಒಳಗೆ ಹೋಗುತ್ತಿದ್ದವಳೂ ಅವಳೇ. ಉಗ್ರಾಣದ ಸಂಗತಿ ಹೇಳುತ್ತಿದ್ದಳು, ದನಗಳ ಸಂಗತಿ ಹೇಳುತ್ತಿದ್ದಳು. ಬಳಿಕ ತನಗೆ ಚೆನ್ನಾಗಿ ಗೊತ್ತಿದ್ದ ಶ್ಲೋಕವೊಂದರ ಅರ್ಥವನ್ನು ವಿವರಿಸಿ, ಗುರುಮಾತೆ "ಸರಿ" ಎಂದು ತಲೆಯಾಡಿಸುವವರೆಗೆ ಕಾಯುತ್ತಿದ್ದಳು. ಆ ಒಂದು ಮಾತಿನಿಂದ ಅವಳ ದಿನ ಬೆಳಗುತ್ತಿತ್ತು. ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಕಿರಿಯರು ಜಗುಲಿಯಿಂದಲೇ ಕೈಮುಗಿದು ಹಿಂದಿರುಗುತ್ತಿದ್ದರು. ಅದೂ ಪದ್ಧತಿಯೇ ಆಗಿಹೋಗಿತ್ತು.

"ಸಂಜೆಯೂ ಒಂದು ಪ್ರವಚನ ನಡೆಸಿ, ಅಮ್ಮಾ" ಎಂದಳು ಕಾತ್ಯಾಯಿನಿ. "ಹೆಚ್ಚು ಕೇಳಿದರೆ ಅವಳಿಗೂ ಬಿಸಿ ತಾಗೀತು. ನಿಲ್ಲುತ್ತಾಳೆ."

ಗುರುಮಾತೆಗೆ ಎಂಬತ್ತು ದಾಟಿತ್ತು. ಅವರು ಗಂಟಲು ಸರಿಪಡಿಸಿಕೊಂಡು, "ಒಂದು ಕತೆಯಿದೆ, ಕೇಳು" ಎಂದರು.

ಹಿಮ ಬೀಳುವ ನಾಡಿನಲ್ಲಿ ಒಬ್ಬ ವರ್ತಕನಿದ್ದನು. ಅವನು ಉದ್ದನೆಯದೊಂದು ಮನೆ ಕಟ್ಟಿಸಿದನು. ಮನೆಯ ಒಂದು ತುದಿಯಲ್ಲಿ ಒಲೆ. ಒಲೆಯ ಮೇಲೆ ದೊಡ್ಡ ಹಂಡೆ. ಪ್ರತಿ ಕೋಣೆಯ ಗೋಡೆಗೂ ಕಬ್ಬಿಣದ ಒಂದು ರೇಡಿಯೇಟರ್ ಕೂರಿಸಿದ್ದರು. ಹಂಡೆಯ ಬಿಸಿನೀರು ಕೊಳವೆಗಳಲ್ಲಿ ಹರಿದು, ಆ ರೇಡಿಯೇಟರುಗಳೊಳಗೆ ಸುತ್ತಿ, ಕೋಣೆಗಳನ್ನು ಕಾಯಿಸಿ ಹಂಡೆಗೆ ಮರಳುತ್ತಿತ್ತು. ನೀರು ಒಳಗೆ ಬರುವಲ್ಲಿ ಪ್ರತಿಯೊಂದಕ್ಕೂ ಒಂದು ನಲ್ಲಿ.

ಮನೆಯ ಯಜಮಾನನಾದ್ದರಿಂದ ವರ್ತಕನು ಒಲೆಗೆ ಹತ್ತಿರದ ಕೋಣೆಯನ್ನು ತಾನಿಟ್ಟುಕೊಂಡನು. ಗದ್ದಲವಿರಬಾರದೆಂದು ತಾಯಿಗೆ ಕೊನೆಯ ಕೋಣೆಯನ್ನು ಕೊಟ್ಟನು. ಉಣ್ಣೆ ನೂಲುವುದು ಆಕೆಯ ಬಾಳಿನ ಸುಖ. ಚಳಿಗಾಲ ಬಂದಿತು. ಆಕೆಯ ಬೆರಳುಗಳು ಸೆಟೆದವು. ನೂಲು ಕೈಯಿಂದ ಜಾರಿತು.

ವರ್ತಕನು ಕೆಟ್ಟವನಲ್ಲ. ತಾಯಿಯ ರೇಡಿಯೇಟರನ್ನು ಮುಟ್ಟಿ ನೋಡಿದನು. ಅದು ಉಗುರುಬೆಚ್ಚಗೂ ಇರಲಿಲ್ಲ. ಅದನ್ನು ಕೀಳಿಸಿ ದೊಡ್ಡದನ್ನು ಹಾಕಿಸಿದನು. ಅದೂ ತಣ್ಣಗೇ ಕುಳಿತಿತು. ಕೊಳವೆಗಳನ್ನು ತೊಳೆಸಿದನು, ಫಲವಿಲ್ಲ. ಕೊನೆಗೆ ಒಲೆಗೆ ಇನ್ನಷ್ಟು ಸೌದೆ ಒಟ್ಟಿಸಿದನು. ಆಗ ಅವನ ಕೋಣೆಯೇ ಕಾದ ಕಾವಲಿಯಾಯಿತು. ಸೆಕೆ ತಡೆಯಲಾರದೆ ಕಿಟಕಿ ತೆರೆದನು. ತೆರೆದ ಕಿಟಕಿಯ ಬಳಿ ನಿಂತು, ಹೊರಗೆ ಬೀಳುವ ಹಿಮವನ್ನು ನೋಡುತ್ತಾ ತಾಯಿಗಾಗಿ ಮರುಗಿದನು.

ಹೀಗಿರಲು ಅವನು ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೋಗಬೇಕಾಯಿತು. ಬರಿದಾದ ಕೋಣೆಗೆ ಬಿಸಿಯೇಕೆಂದು ಅವನ ಹೆಂಡತಿ ಆ ಕೋಣೆಯ ನಲ್ಲಿಯನ್ನು ಮುಚ್ಚಿದಳು. ಅವನು ಮರಳಿ ಬಂದು ನೋಡಿದಾಗ ತಾಯಿ ಕಂಬಳಿಯನ್ನು ಪಕ್ಕಕ್ಕೆ ಸರಿಸಿ, ಹಾಡು ಗುನುಗುತ್ತಾ ನೂಲುತ್ತಿದ್ದಳು.

"ಏನವ್ವಾ, ಇದೇನು ಸೋಜಿಗ?"

"ನೀನು ಹೀಗೇ ಆಗಾಗ ಊರೂರಿಗೆ ಹೋಗುತ್ತಿರಪ್ಪಾ. ನೀನು ಹೊಸಿಲು ದಾಟಿದರೆ ಸಾಕು, ನನ್ನ ಕೋಣೆಗೆ ಚೈತ್ರ ಬರುತ್ತದೆ."

ವರ್ತಕನ ಮುಖ ಸಣ್ಣದಾಯಿತು. ತನ್ನ ಕೋಣೆಗೆ ಹೋದನು. ಅದು ಕೊರೆಯುತ್ತಿತ್ತು. ನಲ್ಲಿ ಮುಚ್ಚಿದ್ದುದನ್ನು ಕಂಡು, ಎಂದಿನಂತೆ ಪೂರ್ತಿ ತಿರುಗಿಸಿ ತೆರೆದನು. ಸಂಜೆಯಾಗುವಷ್ಟರಲ್ಲಿ ಅವನು ಕಿಟಕಿ ತೆರೆಯಬೇಕಾಯಿತು. ಮನೆಯ ಆ ತುದಿಯಲ್ಲಿ ತಾಯಿ ಮತ್ತೆ ಕಂಬಳಿ ಹೊದ್ದಳೆಂದು ಹೆಂಡತಿ ಬಂದು ಹೇಳಿದಳು.

ಕಿಟಕಿಯ ಮೇಲೆ ಇಟ್ಟ ಅವನ ಕೈ ಅಲ್ಲಿಯೇ ನಿಂತಿತು. ನೀರಿಗೆ ಯಾರಿಗೆ ಚಳಿಯೆಂಬುದು ತಿಳಿಯದು. ಯಾವ ದಾರಿ ಹತ್ತಿರ, ಯಾವ ದಾರಿ ಅಗಲ, ಅಲ್ಲಿಗೇ ಅದು ನುಗ್ಗುತ್ತದೆ. ಇಷ್ಟು ದಿನ ತಾಯಿಯ ಕೋಣೆಯಲ್ಲಿ ಹುಡುಕಿದ ದೋಷ ಅಲ್ಲಿ ಇರಲೇ ಇಲ್ಲ.

ಅವನು ತನ್ನ ನಲ್ಲಿಯನ್ನು ತುಸುವೇ ತಿರುಗಿಸಿದನು. ಹೋಗಿ ತಾಯಿಯ ರೇಡಿಯೇಟರನ್ನು ಮುಟ್ಟಿದನು. ಬಂದು ಇನ್ನು ತುಸು ತಿರುಗಿಸಿದನು. ಮತ್ತೆ ಹೋದನು.

"ಏನೋ ಇದು, ಹೊಸ ಮದುಮಗನಂತೆ ಓಡಾಡುತ್ತೀಯಲ್ಲ!" ಎಂದು ತಾಯಿ ನಕ್ಕಳು.

ಅವನು ನಲ್ಲಿಯನ್ನು ಪೂರ್ತಿ ಮುಚ್ಚಲಿಲ್ಲ; ಮುಚ್ಚಬೇಕಾಗಿಯೂ ಇರಲಿಲ್ಲ. ಒಂದು ಹದದಲ್ಲಿ ಎರಡು ಕೋಣೆಗಳೂ ಬೆಚ್ಚಗಾದವು. ಅಂದಿನಿಂದ ಅವನು ಕಿಟಕಿ ತೆರೆಯಲಿಲ್ಲ. ಒಲೆಗೂ ಮೊದಲಿಗಿಂತ ಕಡಿಮೆ ಸೌದೆ ಸಾಕಾಯಿತು.

ಗುರುಮಾತೆ ಕತೆ ನಿಲ್ಲಿಸಿದರು.

ಕಾತ್ಯಾಯಿನಿಯ ಕಣ್ಣು ಅರಳಿತು. "ತಿಳಿಯಿತು, ಅಮ್ಮಾ. ಒಲೆಯೇ ಗುರು. ನೀರೇ ಉಪದೇಶ. ಕೊನೆಯ ಕೋಣೆಯೇ ಹೊನ್ನಮ್ಮ. ಇನ್ನು ವರ್ತಕನೆಂದರೆ..." ಅವಳು ಅರೆಕ್ಷಣ ತಡೆದು, ರೂಢಿಯಂತೆ ಆ "ಸರಿ"ಗಾಗಿ ಗುರುಮಾತೆಯ ಮುಖ ನೋಡಿದಳು.

ಗುರುಮಾತೆ ತಲೆಯಾಡಿಸಲಿಲ್ಲ.

"ಪೂಜೆಯ ಗಂಟೆಗೆ ಇನ್ನೂ ಹೊತ್ತಿದೆ, ಕಾತ್ಯಾಯಿನಿ. ಜಗುಲಿಯಲ್ಲಿ ಯಾರು ನಿಂತಿದ್ದಾರೆ, ನೋಡು."

ಕಾತ್ಯಾಯಿನಿ ಎದ್ದು ಬಾಗಿಲು ತೆರೆದಳು. ಗಂಟು ಹಿಡಿದು ನಿಂತಿದ್ದ ಹೊನ್ನಮ್ಮನನ್ನು ಒಳಗೆ ಕಳುಹಿಸಿದಳು. ನಾಳೆಯಿಂದ ತಾನು ಎಲ್ಲರ ಕೊನೆಗೆ ಒಳಗೆ ಬರುವುದೆಂದು ತೀರ್ಮಾನಿಸಿದಳು.