ವೀಟೋ ತೂಬು

ಹೊನ್ನಗೊಂಡನಹಳ್ಳಿಯ ಕೆರೆ ಏರಿಯ ಮೇಲೆ, ಮೂಡಣ ತೂಬಿನ ಪಕ್ಕದಲ್ಲಿ, ಕೂತು ಕೂತು ನುಣುಪಾದ ಒಂದು ಚಪ್ಪಟೆ ಕಲ್ಲಿದೆ. ಆ ತೂಬಿಗೆ ವೀಟೋ ತೂಬು ಎಂದು ಹೆಸರು. ಹೆಬ್ಬೆಟ್ಟೊತ್ತುವವರ ಬಾಯಲ್ಲೂ ಅದೇ ಹೆಸರು. ಪೇಟೆಯಿಂದ ಬಂದವರು ಕೇಳಿ ನಗುತ್ತಾರೆ. ನಗಲಿ, ಅವರು ಆ ಮಾತನ್ನು ಪುಸ್ತಕದಲ್ಲಿ ಕಲಿತವರು, ನಾವು ಏರಿಯ ಮೇಲೆ ಕಲಿತವರು.

ಹಿಂದೆ ಒಮ್ಮೆ, ಮಹಾರಾಜರ ಕಾಲದಲ್ಲಿ, ಕನ್ನಡ ಬಾರದ ಇಂಜಿನಿಯರ್ ದೊರೆಯೊಬ್ಬ ನಕ್ಷೆ ಹಿಡಿದು ಬಂದನಂತೆ. ಈ ತೂಬನ್ನು ಮುಚ್ಚಿ, ಪಡುವಣ ದಿಕ್ಕಿಗೆ ಹೊಸದೊಂದನ್ನು ಇಟ್ಟು, ಪಟೇಲ ಮರಿಗೌಡರ ಕಬ್ಬಿಗೆ ನೀರು ಕೊಡುವುದೆಂದು ಯೋಜನೆ. ಪಟೇಲರ ಎದುರು ಮಾತಾಡುವವರಾರು? ಊರೆಲ್ಲ ತಲೆಯಾಡಿಸಿತು. ಆದರೆ ನಮ್ಮ ಕೆರೆಗೆ ಮೊದಲಿನಿಂದಲೂ ಒಂದು ಕಟ್ಟಳೆ ಇದೆ. ಕಾಲುವೆಯ ಕಟ್ಟಕಡೆಯ ಗದ್ದೆಗೆ ನೀರು ಎಲ್ಲರ ನಂತರ ಮುಟ್ಟುತ್ತದೆ, ಆದ್ದರಿಂದ ನೀರಿನ ವಿಷಯದಲ್ಲಿ ಕೊನೆಯ ಮಾತು ಆ ಗದ್ದೆಯವರದು. ಅವರು ಈ ಕಲ್ಲಿನ ಮೇಲೆ ಕೂತು ಬೇಡವೆಂದರೆ ಬೇಡ. ಆಗ ಆ ಗದ್ದೆ ಚಿಕ್ಕೀರಮ್ಮ ಎಂಬ ವಿಧವೆಯದು. ತೂಬು ಮುಚ್ಚಿದರೆ ಅವಳ ಮನೆಯ ಒಲೆಯೂ ಆರುತ್ತಿತ್ತು. ಅವಳು ಬಂದು ಕೂತು, "ನಂಗೆ ಬ್ಯಾಡ" ಎಂದಳು.

ಇಷ್ಟು ಜನ ಒಪ್ಪಿರುವಾಗ ಒಬ್ಬ ಹೆಂಗಸಿನ ಮಾತಿಗೆ ಏನು ಬೆಲೆ ಎಂದು ದೊರೆ ಕೇಳಿದ. ದುಭಾಷಿಯಾಗಿ ನಿಂತಿದ್ದ ಶಾಲೆಯ ಶಾಮಣ್ಣ ಮೇಷ್ಟ್ರು ಕಟ್ಟಳೆಯನ್ನು ವಿವರಿಸಲು ತಡಕಾಡಿ, ಕಡೆಗೆ "ವೀಟೋ" ಎಂಬ ಒಂದೇ ಮಾತು ಹೇಳಿದರಂತೆ. ದೊರೆ ಹುಬ್ಬೇರಿಸಿದ.

"ಏನಂದ್ರಿ ಮೇಷ್ಟ್ರೇ, ನನ್ನ ಬೈದ್ರಾ?" ಎಂದಳು ಚಿಕ್ಕೀರಮ್ಮ.

"ಇಲ್ಲ ತಾಯಿ. ಇಂಗ್ಲಿಷಿಗೂ ಹಿಂದಿನ ಲ್ಯಾಟಿನ್ ಮಾತು ಅದು. ನಾನು ತಡೀತೀನಿ ಅಂತ ಅರ್ಥ. ರೋಮ್ ಅನ್ನೋ ಪಟ್ಟಣದಲ್ಲಿ ಬಡವರ ಕಡೆಯೋನೊಬ್ಬ ಎದ್ದು ಇದೊಂದು ಮಾತು ಅಂದ್ರೆ, ದೊಡ್ಡೋರ ಹುಕುಂ ಅಲ್ಲೇ ನಿಂತೋಗ್ತಿತ್ತು."

ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ಅಲ್ಲೂ ಕೊನೇ ಗದ್ದೆಯೋರು ಇದ್ರು ಅನ್ನಿ" ಎಂದಳು. ಆಮೇಲೆ ಪಟೇಲರ ಕಡೆ ತಿರುಗಿ, ದೊರೆಗೂ ಕೇಳುವಂತೆ, "ವೀಟೋ" ಎಂದಳು.

ನಕ್ಷೆಗೆ ಪಟೇಲರ ರುಜು ಒಂದೇ ಬಾಕಿಯಿತ್ತು. "ಈ ಕಲ್ಲಿನ ಮೇಲೆ ಕೂತು ಆಡಿದ ಮಾತು, ದಾಟೋಕಾಗಲ್ಲ ಸ್ವಾಮಿ" ಎಂದು ಅವರು ಲೇಖನಿಯನ್ನು ಹಿಂದಕ್ಕೆ ಕೊಟ್ಟರು ಎನ್ನುತ್ತಾರೆ. ದೊರೆ ನಕ್ಷೆ ಸುತ್ತಿಕೊಂಡು ಹೋದ. ತೂಬಿಗೆ ಆ ಹೆಸರು ನಿಂತಿತು.

ಬಂದವರು ಈಗಲೂ ನೋಡಬಹುದು: ನೀರು ಬಿಡುವ ದಿನ, ಕೊನೆಯ ಗದ್ದೆಯವರು ಆ ಕಲ್ಲಿನ ಮೇಲೆ ಕೂತು ಹೂಂ ಎನ್ನುವವರೆಗೆ ನೀರುಗಂಟಿ ತೂಬಿಗೆ ಕೈ ಹಾಕುವುದಿಲ್ಲ. ಊರಿನ ಜೊತೆ ನಾನೂ ಏರಿಯ ಮೇಲೆ ನಿಂತು ಕಾಯುತ್ತೇನೆ. ಕಬ್ಬಿನ ಆಸೆ ಬಿಟ್ಟ ಆ ಪಟೇಲರು ನನ್ನ ಮುತ್ತಜ್ಜ. ತೂಬಿಗೆ ಅವರ ಹೆಸರಿಲ್ಲ, ಅವಳ ಮಾತಿದೆ. ನಮ್ಮ ಮನೆತನಕ್ಕೆ ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿಲ್ಲ.