ಗಿದ್ಯೋನ ಕೇಕು ಬೇಯಿಸಿದ್ದು

ಆ ಶನಿವಾರ ಬೇರೆ ಶನಿವಾರಗಳಂತೆಯೇ ಇತ್ತು. ಬೆಟಗೇರಿಯ ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಸತ್ಯಮಿತ್ರ ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದ. ಕ್ರಿಸ್‌ಮಸ್ ಕೇಕಿಗೆಂದು ಒಣದ್ರಾಕ್ಷಿ, ಖಜೂರ, ಕಿತ್ತಳೆ ಸಿಪ್ಪೆ ಸಣ್ಣಗೆ ಹೆಚ್ಚಿದ. ಗಾಜಿನ ಭರಣಿಗೆ ತುಂಬಿ, ಮುಳುಗುವಷ್ಟು ದ್ರಾಕ್ಷಾರಸ ಸುರಿದ. ಮುಚ್ಚಳ ಬಿಗಿದು ಮಗನನ್ನು ಕರೆದ.

“ಗಿದ್ಯೋನಾ, ಕ್ರಿಸ್‌ಮಸ್ ಬರೂತನ ಇದರ ಮ್ಯಾಲಿನ ಕಣ್ಣು ತೆಗೀಬ್ಯಾಡ.”

“ಆತಪ್ಪಾ.”

ಕೈ ತೊಳೆಯಲು ಹಿತ್ತಲಿಗೆ ಹೋದ ಸತ್ಯಮಿತ್ರ ಅಲ್ಲೇ ಕುಸಿದ. ಮತ್ತೆ ಏಳಲಿಲ್ಲ. ಮರುದಿನ ಮಣ್ಣಿಗೆ ಹೋದವರೆಲ್ಲ ಕೈಯಲ್ಲಿ ಹೂ ಹಿಡಿದಿದ್ದರು. ಗಿದ್ಯೋನ ಭರಣಿ ಹಿಡಿದಿದ್ದ. ಕಣ್ಣು ತೆಗೆಯಬೇಡ ಅಂದಿದ್ದನಲ್ಲ ಅಪ್ಪ!

ಗಿದ್ಯೋನನಿಗೆ ಇಪ್ಪತ್ತೇಳು ವರ್ಷ. ಹೇಳಿದಷ್ಟನ್ನೇ ಮಾಡುವವನು, ಹೇಳಿದಂತೆಯೇ ಮಾಡುವವನು. ಓದಲು ಬರುತ್ತಿದ್ದುದು ಒಂದೇ ಹೆಸರು, ಸತ್ಯಮಿತ್ರ ಅಂತ. ಅದನ್ನು ಅಪ್ಪನೇ ಕಲಿಸಿದ್ದ.

ತಾಯಿ ರಾಹೇಲವ್ವನಿಗೆ ಮೊಣಕಾಲು ನೋವು. ಗಂಡನ ಗೋರಿಗೆ ಕಲ್ಲು ಹಾಸಿದ ದಿನವೂ ಕಾಲು ನೋವೆಂದು ಮನೆಯಲ್ಲೇ ಉಳಿದಳು. ಈ ವರ್ಷ ಹಬ್ಬ ಬೇಡ ಅಂದುಕೊಂಡಿದ್ದಳು. ಡಿಸೆಂಬರಿನಲ್ಲಿ ಒಂದು ದಿನ ಭರಣಿಯನ್ನು ನೋಡುತ್ತ ಕೂತವಳು ಮನಸ್ಸು ಬದಲಿಸಿದಳು. ಅವನ ಕೈಯಿಂದಾದ ಕೊನೆಯ ಕೆಲಸ ಅದು. ಒಂದೇ ಭರಣಿ, ಒಂದೇ ಕೇಕು. ಕೆಟ್ಟರೆ ಮತ್ತೊಂದಿಲ್ಲ.

“ಲೇ, ಈ ಮೈದಾ ಸಾಣಿಸಿ ಕೊಡು.”

ಗಿದ್ಯೋನ ಹಿತ್ತಲಲ್ಲಿ ಕೂತು ಸಾಣಿಸಿದ, ಸಾಣಿಸಿದ, ಸಾಣಿಸಿದ. ಸಾಣಿಗೆಯನ್ನು ತಂದು ತಾಯಿಯ ಮುಂದೆ ಹಿಡಿದ. ಅದರಲ್ಲಿ ಎರಡು ಹುಳ, ಒಂದು ದಾರದ ಎಳೆ.

“ಹಿಟ್ಟೆಲ್ಲೋ?”

“ನಿಲ್ಲಲಿಲ್ಲಬೇ. ಎಲ್ಲಾ ಮಣ್ಣಾಗ ಬಿತ್ತು. ಇವಿಷ್ಟ ಗಟ್ಟಿ ಇದ್ವು.”

“ಅಯ್ಯ ನನ ಮಗನ! ಕೆಳಗ ಬಿದ್ದದ್ದು ಇಟ್ಕೋಬೇಕು, ಮ್ಯಾಲ ಉಳದದ್ದು ಚೆಲ್ಲಬೇಕು!”

“ಆತಬೇ. ಕೆಳಗ ಬಿದ್ದದ್ದು ಇಡೂದು, ಮ್ಯಾಲ ಉಳದದ್ದು ಚೆಲ್ಲೂದು.”

ಮರುದಿನ ತತ್ತಿಗೆ ಕಳಿಸಿದಳು. ಬುಟ್ಟಿಯಲ್ಲಿ ಆರು ತತ್ತಿ. ಓಣಿಯ ತಿರುವಿನಲ್ಲಿ ಗಿದ್ಯೋನ ಎಡವಿದ; ಎರಡು ಕೆಳಗೆ ಬಿದ್ದು ಒಡೆದವು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಬುಟ್ಟಿಯಲ್ಲಿ ಉಳಿದಿದ್ದ ನಾಲ್ಕನ್ನು ಗಟಾರಕ್ಕೆ ಚೆಲ್ಲಿದ. ಬಿದ್ದ ಎರಡನ್ನು ಮಣ್ಣುಸಮೇತ ಬಳಿದು ಬುಟ್ಟಿಗೆ ಹಾಕಿಕೊಂಡು ಬಂದ.

“ಇದೇನೋ ಇದು?”

“ಕೆಳಗ ಬಿದ್ದದ್ದಬೇ. ಮ್ಯಾಲ ಉಳದದ್ದು ಚೆಲ್ಲಿ ಬಂದೆ.”

ರಾಹೇಲವ್ವ ಹಣೆ ಹಣೆ ಬಡಿದುಕೊಂಡಳು. “ಚರ್ಚಿನ ಅಯ್ಯನವರ ಮನ್ಯಾಗ ತತ್ತಿ ಕಡೆಯೋ ಮಷೀನ್ ಐತಿ. ಗುಂಡಿ ಒತ್ತಿದ್ರ ಒಳಗ ದೀಪ ಹತ್ತೋ ಓವನ್ ಐತಿ. ನನಗ ಏನೈತಿ? ನೀ ಇದ್ದಿ!”

“ಹೌದಬೇ, ನಾ ಇದ್ದೀನಿ.”

“ತತ್ತಿ ಅಂದ್ರ ಕೂಸಿದ್ದಂಗ! ಎದಿಗೆ ಅವಚಿಕೊಂಡು ತರಬೇಕು!”

“ಆತಬೇ. ಎದಿಗೆ ಅವಚಿಕೊಂಡು ತರೂದು.”

ಅದರ ಮರುದಿನ ತಂದದ್ದು ಬೆಣ್ಣೆ. ಎದೆಗೆ ಅವಚಿಕೊಂಡ, ಬೆನ್ನು ತಟ್ಟಿದ, ಮಧ್ಯಾಹ್ನದ ಬಿಸಿಲಲ್ಲಿ ಜೋಜೋ ಅನ್ನುತ್ತ ಬಂದ.

“ಬೆಣ್ಣಿ ಎಲ್ಲೋ?”

“ಅಂಗ್ಯಾಗ ಐತಬೇ. ಹಿಂಡಿದ್ರ ಬರ್ತೈತಿ.”

“ಬಿಸಿ ತಾಗಸ್ತಾರೇನೋ ಹುಚ್ಚಪ್ಪಾ? ಬಿಸಿ ಕಂಡಲ್ಲಿಂದ ಓಡಿ ಬರಬೇಕು! ಒಂದ್ ಓವನ್ ಇದ್ದಿದ್ರ, ಒಂದ್ ಫ್ರಿಜ್ ಇದ್ದಿದ್ರ...”

“ತರ್ಲೇನಬೇ?”

“ನೀ ಏನೂ ತರಬ್ಯಾಡ!”

ಕಡೆಗೆ ಪಕ್ಕದ ಮನೆಯವರೇ ಎಲ್ಲ ತಂದುಕೊಟ್ಟರು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ರಾಹೇಲವ್ವ ಕೂತಲ್ಲೇ ಹಿಟ್ಟು ಕಲಸಿ ಭರಣಿಗೆ ಕೈಹಾಕಿದಳು.

“ಇನ್ನ ಕಣ್ಣು ತೆಗೀಲೇನಬೇ?” ಗಿದ್ಯೋನ ಕೇಳಿದ.

“ತೆಗಿಯಪ್ಪಾ.”

ಭರಣಿಯಲ್ಲಿ ಇದ್ದದ್ದನ್ನೆಲ್ಲ ಹಿಟ್ಟಿಗೆ ಸುರಿದಳು.

ಅವರ ಕೇರಿಯಲ್ಲಿ ಓವನ್ ಇದ್ದದ್ದು ಅಯ್ಯನವರ ಮನೆಯಲ್ಲಿ ಮಾತ್ರ. ಉಳಿದವರೆಲ್ಲ ಹಿಟ್ಟಿನ ಡಬ್ಬಿ ಹೊತ್ತು ಹಸನಸಾಬನ ಬೇಕರಿಗೆ ಹೋಗುತ್ತಿದ್ದರು. ಅಲ್ಲಿ ಕಟ್ಟಿಗೆ ಉರಿಯುವ ದೊಡ್ಡ ಭಟ್ಟಿ. ಮುಂದಿನ ಕಟ್ಟೆಯ ಮೇಲೆ ಹಸನಸಾಬ ಸೀಮೆಸುಣ್ಣದಲ್ಲಿ ಒಂದೊಂದು ಮನೆಯ ಯಜಮಾನನ ಹೆಸರು ಬರೆಯುತ್ತಿದ್ದ. ಯಾರ ಡಬ್ಬಿ ಯಾರಿಗೂ ಅದಲುಬದಲಾಗುತ್ತಿರಲಿಲ್ಲ. ಪ್ರತಿ ವರ್ಷ ಗಿದ್ಯೋನ ಅಪ್ಪನ ಜೊತೆ ಹೋಗಿ, ಅಪ್ಪನ ಹೆಸರು ಓದಿ, ಅದರ ಮೇಲೆ ಡಬ್ಬಿ ಇಡುತ್ತಿದ್ದ.

“ಇದನ್ನ ಹಸನಸಾಬಗ ಕೊಟ್ಟು ಬಾ,” ಅಂದಳು ರಾಹೇಲವ್ವ.

ಗಿದ್ಯೋನ ಹೋದ. ಹಸನಸಾಬ ಭಟ್ಟಿಯ ಬಾಗಿಲು ತೆಗೆದ. ಬಿಸಿ ಮುಖಕ್ಕೆ ಬಡಿಯಿತು. ಗಿದ್ಯೋನ ಡಬ್ಬಿ ಹಿಡಿದು ತಿರುಗಿ ಓಡಿದ.

“ಅಲ್ಲಿ ಬಿಸಿ ಐತಬೇ! ಓಡಿ ಬಂದೆ!”

“ಕೇಕಿಗೆ ಬಿಸಿ ಬೇಕೋ!” ರಾಹೇಲವ್ವನಿಗೆ ಅಳು ಬಂತು. “ಸರಿಯಾಗಿ ಕೇಳು. ಇದೊಂದು ಕೆಟ್ರ ನನ್ನ ಹತ್ರ ಮತ್ತೇನೂ ಇಲ್ಲ. ನಿಮ್ಮಪ್ಪನ ಹೆಸರು ಎಲ್ಲಿ ಬರದೈತಿ, ಅಲ್ಲಿ ಡಬ್ಬಿ ಇಡು. ಬಿಸಿ ಐತೇನು ಕೈ ಇಟ್ಟು ನೋಡು. ಬೇಯೂತನ ಅಲ್ಲೇ ಕುಂದ್ರು, ಏಳಬ್ಯಾಡ!”

“ಆತಬೇ. ಹೆಸರಿದ್ದಲ್ಲಿ ಇಡೂದು. ಕೈ ಇಟ್ಟು ನೋಡೂದು. ಏಳಬಾರದು.”

ಗಿದ್ಯೋನ ಮತ್ತೆ ಬೇಕರಿಗೆ ಹೋದ. ಹಸನಸಾಬ ಒಳಗೆ ಭಟ್ಟಿಯ ಮುಂದೆ ಬಗ್ಗಿದ್ದ. ಕಟ್ಟೆಯ ತುಂಬ ಹೆಸರು. ಗಿದ್ಯೋನ ಈ ತುದಿಯಿಂದ ಆ ತುದಿಗೆ ನೋಡಿದ. ಆ ತುದಿಯಿಂದ ಈ ತುದಿಗೆ ನೋಡಿದ. ತನಗೆ ಬರುವ ಹೆಸರು ಇರಲಿಲ್ಲ. ಬಗ್ಗಿ ಕಟ್ಟೆಯ ಕೆಳಗೂ ನೋಡಿದ. ಡಬ್ಬಿ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಎಲ್ಲಿ ಓದಿದ್ದೆನೆಂದು ನೆನಪಾಯಿತು. ಹೊರಟ.

ಮೂರು ಗಂಟೆಯಾಯಿತು, ನಾಲ್ಕಾಯಿತು. ಗಿದ್ಯೋನ ಬರಲಿಲ್ಲ. ರಾಹೇಲವ್ವ ಕೋಲು ಹಿಡಿದು, ಕುಂಟುತ್ತ ಬೇಕರಿಗೆ ಬಂದಳು.

“ಹಸನಸಾಬಾ, ನನ್ನ ಕೇಕು?”

“ಮುಂಜಾನೆ ಬಂದು ಓಡಿ ಹೋದ ಅಕ್ಕಾ. ಮತ್ತ ನಾ ನೋಡಿಲ್ಲ.” ಹಸನಸಾಬ ತಲೆ ತಗ್ಗಿಸಿದ. “ಈ ವರ್ಷ ನೀವು ಹಬ್ಬ ಮಾಡಂಗಿಲ್ಲ ಅಂತ ತಿಳದು ಅಣ್ಣನ ಹೆಸರು ಬರದಿರಲಿಲ್ಲ.”

ರಾಹೇಲವ್ವ ಕಟ್ಟೆಯನ್ನು ನೋಡಿದಳು. ಚರ್ಚಿನ ಹಿಂದಿನ ದಾರಿ ಹಿಡಿದಳು. ಹಸನಸಾಬ ಕೈ ಒರೆಸಿಕೊಂಡು ಹಿಂದೆಯೇ ಬಂದ.

ಗೋರಿಗಳ ನಡುವೆ ಗಿದ್ಯೋನ ಕೂತಿದ್ದ. ಮುಂದೆ ಕರಿಕಲ್ಲಿನ ಹೊಸ ಚಪ್ಪಡಿ. ಅದರ ಮೇಲೆ, ಕೊರೆದ ಅಕ್ಷರಗಳಿಗೆ ಸರಿಯಾಗಿ, ಡಬ್ಬಿ.

“ಅವ್ವಾ! ಓವನ್ ಇಲ್ಲೇ ಐತಬೇ! ಅಪ್ಪನ ಹೆಸರು ಬರದೈತಿ ನೋಡು. ಕಟ್ಟಿಗೀನೂ ಬ್ಯಾಡ, ಗುಂಡೀನೂ ಬ್ಯಾಡ!”

ಹಸನಸಾಬ ಮುಚ್ಚಳ ತೆಗೆದು ಮೂಸಿದ. “ಕೆಟ್ಟಿಲ್ಲ ಅಕ್ಕಾ. ಭಟ್ಟಿ ಇನ್ನಾ ಆರಿಲ್ಲ. ತಗೊಂಡು ಬರ್ರಿ.”

“ಏಳೋ,” ಅಂದಳು ರಾಹೇಲವ್ವ.

“ಇನ್ನಾ ಬೆಂದಿಲ್ಲಬೇ. ಏಳಬ್ಯಾಡ ಅಂದಿದ್ದಿ.”

ಅವಳು ಬೈಯಲು ಬಾಯಿ ತೆರೆದಳು.

“ಬೇಕಾದ್ರ ನೀನ ಕೈ ಇಟ್ಟು ನೋಡಬೇ,” ಅಂದ ಗಿದ್ಯೋನ.

ರಾಹೇಲವ್ವ ಕೋಲು ಊರಿ ಬಗ್ಗಿ, ಕಲ್ಲಿನ ಮೇಲೆ ಕೈ ಇಟ್ಟಳು.

ಕಲ್ಲು ಬೆಚ್ಚಗಿತ್ತು.