ಜಾಡಿಯಲ್ಲಿಟ್ಟ ಜೋಗುಳ

ಮಾಳಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅವಳ ಕಷ್ಟವೆಲ್ಲ ಅದೇ ಆಗಿತ್ತು.

ಅವಳ ಹಳೇ ಫೋನು ಆಗಲೋ ಈಗಲೋ ಅನ್ನುತ್ತಿತ್ತು. ತೀರಿಕೊಂಡ ತಾಯಿ ಹಾಡಿದ ಒಂದು ಜೋಗುಳ ಅದರೊಳಗಿತ್ತು. ಅದನ್ನು ಕೇಳದೆ ಮಾಳಮ್ಮನಿಗೆ ನಿದ್ದೆ ಹತ್ತದು. ಹೊಸ ಫೋನಿಗೆ ಹಾಡು ದಾಟಿಸುವುದು ಹೇಗೆಂದು ಕೇಳಿಕೊಂಡು ಬರಲು ಮಗನನ್ನು ನಜೀರನ ಮೊಬೈಲ್ ಅಂಗಡಿಗೆ ಅಟ್ಟಿದಳು. ಅಂಗಡಿಯಲ್ಲಿ ಜನವೋ ಜನ. ನಜೀರ ತಲೆಯೆತ್ತದೆ, ಎರಡನ್ನೂ ಪಕ್ಕಪಕ್ಕ ಇಡು, ದಾಟೋವರೆಗೂ ಮುಟ್ಟಬೇಡ ಎಂದ.

ಚಿಕ್ಕೀರ ಚಾಪೆ ಹಾಸಿ ಎರಡನ್ನೂ ಪಕ್ಕಪಕ್ಕ ಮಲಗಿಸಿ, ಕೌದಿ ಹೊದಿಸಿ, ಕಾವಲು ಕೂತ. ಸಂಜೆಯಾದರೂ ಹಾಡು ಅತ್ತ ಹೊರಳಲಿಲ್ಲ. ಮಾಳಮ್ಮ ಹಣೆ ಚಚ್ಚಿಕೊಂಡಳು.

"ಸುಮ್ನೆ ಮಲಗಿಸಿದ್ರೆ ದಾಟುತ್ತೇನೋ ಪೆದ್ದ? ಸರಿಯಾಗಿ ಕೇಳ್ಕಂಡು ಬಾ."

ಮರುದಿನ ನಜೀರ ಬಿಡಿಸಿ ಹೇಳಿದ. ಮೊದಲು ಹಾಡನ್ನು ಬೇರೆ ಕಡೆ ಭದ್ರವಾಗಿ ಇಡಬೇಕು, ಆಮೇಲೆ ಹಳೇ ಫೋನನ್ನು ಪೂರ್ತಿ ಅಳಿಸಬೇಕು. ಅಳಿಸಲು ಎಲ್ಲಿ ಒತ್ತಬೇಕೆಂದೂ ತೋರಿಸಿಕೊಟ್ಟ.

ಭದ್ರವಾಗಿ ಅಂದರೆ ಎಲ್ಲಿ? ಅವ್ವ ವರ್ಷಗಟ್ಟಲೆ ಕೆಡದಂತೆ ಇಡುವುದೆಲ್ಲ ಉಪ್ಪಿನಕಾಯಿ ಜಾಡಿಯಲ್ಲಿ. ಚಿಕ್ಕೀರ ಬಿಸಿಲಿಗಿಟ್ಟ ಜಾಡಿ ತಂದು, ಒಳಗೆ ತೇವವಿಲ್ಲವೆಂದು ಬೆರಳಾಡಿಸಿ ನೋಡಿ, ಅದರ ಬಾಯಿಗೆ ಫೋನು ಹಿಡಿದು ಹಾಡು ಹಚ್ಚಿದ. ಇಣುಕಿದರೆ ಜಾಡಿ ತುಂಬಿರಲಿಲ್ಲ. ಮತ್ತೆ ಹಚ್ಚಿದ. ಮಧ್ಯಾಹ್ನವೆಲ್ಲ ಜೋಗುಳ ಜಾಡಿಯೊಳಗೆ ಗುಂಯ್ಯೆಂದು ಸುತ್ತಿತು. ಬೆಕ್ಕು ತೂಕಡಿಸಿತು, ಹಿತ್ತಲ ಬಿಸಿಲಿಗೂ ಮಂಪರು ಹಿಡಿಯಿತು. ಕೊನೆಗೆ ಜಾಡಿಗೆ ಬಟ್ಟೆ ಬಿಗಿದು, ಹಳೇ ಫೋನನ್ನು ಚೊಕ್ಕ ಅಳಿಸಿದ.

ಹಾಡೆಲ್ಲಿ ಎಂದು ಕೇಳಿದ ಮಾಳಮ್ಮನಿಗೆ ಜಾಡಿ ತೋರಿಸಿದ. ಅವಳು ಜಾಡಿಯನ್ನು ಮಡಿಲಿಗೆ ಎಳೆದುಕೊಂಡಳು. ಬಟ್ಟೆ ಬಿಚ್ಚಿ ಕಿವಿಯಿಟ್ಟಳು. ಸಾಸಿವೆ ವಾಸನೆ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ತಾಯಿ ಎರಡನೇ ಸಲ ಸತ್ತಂತಾಗಿ ಅಲ್ಲೇ ಕುಸಿದು ಅತ್ತಳು.

"ಹಿಂಗಿತ್ತು ಕಣವ್ವ," ಎಂದು ಚಿಕ್ಕೀರ ಮೆಲ್ಲಗೆ ಹಾಡತೊಡಗಿದ. ಅಜ್ಜಿ ಕೆಮ್ಮಿದಲ್ಲಿ ಕೆಮ್ಮಿದ, ಉಸಿರೆಳೆದಲ್ಲಿ ಉಸಿರೆಳೆದ. ಮಾಳಮ್ಮನಿಗೆ ತಾನು ತೊಟ್ಟಿಲಲ್ಲಿದ್ದಂತೆ, ಯಾರೋ ತೂಗಿದಂತೆ ಆಯಿತು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ನಿನ್ನೊಳಗೇ ಐತೆ ಕಣೋ," ಎಂದಳು ಕೊನೆಗೆ. "ಒಂಚೂರೂ ಆಚೆ ಹೋಗದಂಗೆ ಜೋಪಾನ ಮಾಡು."

ಬೆಳಿಗ್ಗೆ ರೊಟ್ಟಿಗೆ ಕರೆದರೆ, ಚಿಕ್ಕೀರ ಬಾಯಿಗೆ ಬಟ್ಟೆ ಬಿಗಿದುಕೊಂಡು ಕೂತಿದ್ದ. ಬಿಚ್ಚೋ ಮಗನೇ, ಒಂದ್ಸಲ ಹಾಡೋ ಎಂದು ಮಾಳಮ್ಮ ಗೋಗರೆದಳು. ಅವನು ತಲೆಯಲ್ಲಾಡಿಸಿ, ಕಿವಿಯಿಂದಲೂ ಸೋರೀತೆಂದು ಎರಡಕ್ಕೂ ಹತ್ತಿ ತುರುಕಿಕೊಂಡ. ಹೇಳಿದ ಮಾತು ಮೀರದ ಮಗನಿಗೆ ಇನ್ನು ಅವಳು ಏನು ಹೇಳಿದರೂ ಕೇಳಿಸುವಂತಿರಲಿಲ್ಲ.